ಹಿಟ್ಟಿನ ಕೋಳಿ, ಬಣ್ಣದ ಜಿಂಕೆ

ಜೀವವಿಲ್ಲದ ಆಕೃತಿಯೊಂದಕ್ಕೆ ಪೆಟ್ಟು ಕೊಟ್ಟರೆ ಅದು ಹಿಂಸೆಯೆನಿಸುವುದೇ ಎಂಬ ಪ್ರಶ್ನೆ ಕನ್ನಡ ನಾಡಿನ ಜೈನ ಮನೆತನಗಳಿಗೆ ಹೊಸದಲ್ಲ. ಹೊಯ್ಸಳರ ಕಾಲದ ಕವಿಚಕ್ರವರ್ತಿ ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ತಿರುಳೇ ಈ ಪ್ರಶ್ನೆ. ಕೆಟ್ಟ ಕನಸಿನ ಪರಿಹಾರಕ್ಕಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವವನ್ನು ಕೊಲ್ಲಲಾರೆನೆಂದು ಮಗ ಯಶೋಧರ ಹಿಂಜರಿಯುತ್ತಾನೆ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದು. ಕತ್ತಿ ತಾಗಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಆಡು, ಕೋಣ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಭವಭವಗಳಲ್ಲಿ ತೊಳಲುತ್ತಾರೆ. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲಬೇಕೆಂಬ ಸಂಕಲ್ಪ ಮಾತ್ರ ನಿಜವಾಗಿತ್ತು ಎಂಬುದು ಆ ಕಾವ್ಯದ ತೀರ್ಮಾನ.

ಇಂದಿನ ಗೃಹಸ್ಥರ ಮನೆಯಲ್ಲಿ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದಿದೆ. ಮಗುವಿಗೆ ತುತ್ತು ಇಳಿಯಬೇಕಾದರೆ ಎದುರಿಗೆ ಕಾರ್ಟೂನ್ ಚಿತ್ರ ಓಡುತ್ತಿರಬೇಕು. ಅಲ್ಲಿ ಬೆಕ್ಕಿನ ತಲೆಯ ಮೇಲೆ ಬಂಡೆ ಬೀಳುತ್ತದೆ, ನಾಯಿಯ ಬಾಯಲ್ಲಿ ಪಟಾಕಿ ಸಿಡಿಯುತ್ತದೆ, ಮಗು ನಗುತ್ತದೆ, ತುತ್ತು ಒಳಗೆ ಹೋಗುತ್ತದೆ. ಆ ಬೆಕ್ಕಿಗೆ ಜೀವವಿಲ್ಲ. ಬರಿಯ ಗೆರೆ, ಬರಿಯ ಬಣ್ಣ. ಹಾಗಿದ್ದರೂ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆಂದು, ನೀರನ್ನು ಸೋಸಿ ಕುಡಿಯಬೇಕೆಂದು ಮಗುವಿಗೆ ಕಲಿಸುವ ಮನೆತನ, ಅದೇ ಊಟದ ಹೊತ್ತಿನ ನಗೆಯ ವಿಷಯವಾಗಿ ಏನನ್ನೂ ಯೋಚಿಸದಿರುವುದು ಸರಿಯೇ? ಈ ವಿಚಾರವನ್ನು ಪರಾಮರ್ಶಿಸಲು ನಮ್ಮ ದೇಶದಲ್ಲೇ ತಯಾರಾಗಿ, ನಮ್ಮ ಊರುಗಳ ಪರದೆಗಳ ಮೇಲೇ ಮೂಡಿ, ಈಗ ಬಹುತೇಕ ಮರೆತುಹೋಗಿರುವ ಕಿರುಚಿತ್ರಗಳ ಗುಂಪೊಂದನ್ನು ನೋಡುವುದು ಉಪಯುಕ್ತ. ಅವು ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ ಸಂಸ್ಥೆಯ ಕಾರ್ಟೂನ್ ಚಿತ್ರಗಳು.

ಫಿಲ್ಮ್ಸ್ ಡಿವಿಷನ್ ಸ್ಥಾಪನೆಯಾದದ್ದು 1948ರಲ್ಲಿ, ಮುಂಬಯಿಯಲ್ಲಿ. ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ತಯಾರಿಸಿ ದೇಶದ ಎಲ್ಲ ಚಿತ್ರಮಂದಿರಗಳಿಗೆ ತಲುಪಿಸುವುದು ಅದರ ಕೆಲಸ. ಪರವಾನಗಿ ಪಡೆದ ಪ್ರತಿಯೊಂದು ಚಿತ್ರಮಂದಿರವೂ ಪ್ರತಿ ಆಟದಲ್ಲಿ 2,000 ಅಡಿಯವರೆಗಿನ, ಎಂದರೆ ಸುಮಾರು ಇಪ್ಪತ್ತು ನಿಮಿಷಗಳ, ಸರ್ಕಾರಿ ಮಾನ್ಯತೆಯ ಚಿತ್ರವನ್ನು ತೋರಿಸಲೇಬೇಕಿತ್ತು. ಅದಕ್ಕೆ ಪ್ರತಿಯಾಗಿ ಮಾಲೀಕರು ನಿವ್ವಳ ಗಳಿಕೆಯ ಶೇಕಡಾ 1ರಷ್ಟನ್ನು ಬಾಡಿಗೆಯಾಗಿ ಕಟ್ಟುತ್ತಿದ್ದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಧ್ವನಿ ಹೊಂದಿಸಿದ ಪ್ರತಿಗಳು ನಗರದಿಂದ ಪಟ್ಟಣಕ್ಕೆ, ಪಟ್ಟಣದಿಂದ ಹೋಬಳಿಗೆ ಸುತ್ತುತ್ತಿದ್ದವು. 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸಪೇಟೆ, ಸಂಡೂರು, ಕಂಪ್ಲಿಗಳ ಜನಕ್ಕೂ ಈ ಚಿತ್ರಗಳು ಬಂದದ್ದು ಇದೇ ದಾರಿಯಿಂದ. ಜನ ಅದನ್ನು ಒಟ್ಟಾರೆ 'ನ್ಯೂಸ್ ರೀಲು' ಎಂದು ಕರೆದರು. ಅದು ಮುಗಿದ ಮೇಲೆಯೇ 'ಪಿಚ್ಚರು' ಶುರುವಾಗುತ್ತದೆ ಎಂದು ತಿಳಿದವರು ಆ ಹೊತ್ತಿಗೆ ಹೊರಗೆ ಶೇಂಗಾ ಕೊಳ್ಳುತ್ತ ನಿಲ್ಲುವುದೂ ರೂಢಿಯಾಯಿತು.

ಪರದೆಯ ಮೇಲೆ ಪ್ರಾಣಿ ಓಡುವುದನ್ನು ನೋಡುವುದು ಈ ಪ್ರದೇಶಕ್ಕೆ ಸಿನಿಮಾದಿಂದ ಬಂದ ಅನುಭವವಲ್ಲ. ಬಳ್ಳಾರಿ ಸೀಮೆಯಲ್ಲಿ ದೀಪದ ಮುಂದೆ ಬಿಳಿಯ ಪರದೆ ಕಟ್ಟಿ ಆಡಿಸುವ ತೊಗಲುಗೊಂಬೆಯಾಟ ಬಹಳ ಹಿಂದಿನದು. ದಿವಂಗತ ಬೆಳಗಲ್ಲು ವೀರಣ್ಣನವರಂಥ ಕಲಾವಿದರು ಅದರಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಗಳನ್ನೂ ಆಡಿಸಿ ತೋರಿಸಿದರು. ಅದಕ್ಕೂ ಹಿಂದೆ ಹೋದರೆ ಹಂಪಿಯ ಶಿಲ್ಪಗಳಿವೆ. ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣ ಸಾಲು ಸಾಲು ಚಿತ್ರಗಳಾಗಿ ನಡೆಯುತ್ತದೆ. ನೋಡುವವನು ನಡೆದಂತೆ ಕಥೆ ಮುಂದುವರಿಯುತ್ತದೆ. ಮಹಾನವಮಿ ದಿಬ್ಬದ ಪಾರ್ಶ್ವಗಳಲ್ಲಿ ಬೇಟೆಯ ದೃಶ್ಯಗಳಿವೆ: ಓಡುವ ಜಿಂಕೆ, ಬೆನ್ನಟ್ಟುವ ಬೇಟೆಗಾರ. ಅದೇ ಮಹಾನವಮಿಯ ಕೊನೆಯ ದಿನ 250 ಕೋಣಗಳನ್ನೂ 4,500 ಕುರಿಗಳನ್ನೂ ಕಡಿಯುತ್ತಿದ್ದರೆಂದು 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. ಅಲ್ಲಿಂದ ಕೂಗಳತೆಯ ದೂರದಲ್ಲೆಂಬಂತೆ, ಕಮಲಾಪುರದ ಕಡೆ ಕಂಪ್ಲಿಯ ರಸ್ತೆಯಲ್ಲಿ, ಇರುಗಪ್ಪ ದಂಡನಾಯಕನು 1385ರಲ್ಲಿ ಕಟ್ಟಿಸಿದ ಗಾಣಗಿತ್ತಿ ಬಸದಿ ಇದೆ. ಅದು ಕುಂಥುನಾಥ ತೀರ್ಥಂಕರರದು. ಅವರ ಲಾಂಛನ ಆಡು. ಪ್ರಾಣಿಯನ್ನು ಬೇಟೆಯಾಗಿ ಕಾಣುವ ಕಣ್ಣು, ಅದನ್ನು ಪೀಠದ ಮೇಲೆ ಗೌರವಿಸುವ ಕಣ್ಣು, ಎರಡೂ ಈ ನೆಲದಲ್ಲಿ ಒಟ್ಟಿಗೇ ಇದ್ದವು. ಫಿಲ್ಮ್ಸ್ ಡಿವಿಷನ್ನಿನ ಜಿಂಕೆ ಈ ಎರಡು ಕಣ್ಣುಗಳ ನಡುವಿನ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು.

ಸಂಸ್ಥೆಯ ಕಾರ್ಟೂನ್ ವಿಭಾಗಕ್ಕೆ 1956ರಲ್ಲಿ ಡಿಸ್ನಿ ಸಂಸ್ಥೆಯ ಅನುಭವಿ ಕಲಾವಿದ ಕ್ಲೇರ್ ವೀಕ್ಸ್ ಬಂದರು. ಅಮೆರಿಕದ ತಾಂತ್ರಿಕ ಸಹಕಾರ ಯೋಜನೆಯ ಅಂಗವಾಗಿ ಭಾರತೀಯ ಕಲಾವಿದರಿಗೆ ತರಬೇತಿ ಕೊಡಲು ಬಂದ ಅವರು, ಕಾಡಿನ ಜಿಂಕೆಮರಿಯ ಕಥೆಯಾದ 'ಬ್ಯಾಂಬಿ' (1942) ಚಿತ್ರದಲ್ಲಿ ಕೆಲಸ ಮಾಡಿದವರು. ಅವರ ಬಳಿ ಕಲಿತ ತಂಡದಲ್ಲಿ ಮುಂದೆ ಭಾರತೀಯ ಕಾರ್ಟೂನ್ ಚಿತ್ರರಂಗದ ಹಿರಿಯರೆನಿಸಿದ ರಾಮ್ ಮೋಹನ್ ಕೂಡ ಇದ್ದರು. ಈ ತರಬೇತಿಯ ಫಲವಾಗಿ 1957ರಲ್ಲಿ ಹೊರಬಂದದ್ದು 'ದಿ ಬನಿಯನ್ ಡೀರ್', ಎಂದರೆ 'ಆಲದ ಜಿಂಕೆ'. ಕಥೆ ಬೌದ್ಧ ಜಾತಕದ್ದು. ಹಾಲಿವುಡ್ಡಿನ ಗೆರೆಯನ್ನು ಕಲಿತ ಕೈ ನಮ್ಮ ನೆಲದ ಕಥೆಯನ್ನು ಬಿಡಿಸಿತು.

ಕಥೆ ಹೀಗಿದೆ. ಕಾಶಿಯ ದೊರೆಗೆ ದಿನವೂ ಬೇಟೆಯ ಮಾಂಸ ಬೇಕು. ಅವನ ಉದ್ಯಾನದಲ್ಲಿ ಎರಡು ಜಿಂಕೆಯ ಹಿಂಡುಗಳು ಸಿಕ್ಕಿಬಿದ್ದಿವೆ. ಒಂದರ ಒಡೆಯ ಆಲದ ಜಿಂಕೆ, ಇನ್ನೊಂದರ ಒಡೆಯ ಕೊಂಬೆಯ ಜಿಂಕೆ. ಇಬ್ಬರೂ ಹೊಂಬಣ್ಣದವರಾದ್ದರಿಂದ ದೊರೆ ಅವರಿಬ್ಬರಿಗೆ ಮಾತ್ರ ಅಭಯ ಕೊಟ್ಟಿದ್ದಾನೆ. ಬಾಣ ಬಿಟ್ಟಾಗಲೆಲ್ಲ ಹಲವು ಜಿಂಕೆಗಳು ಗಾಬರಿಯಿಂದ ಓಡಿ ಗಾಯಗೊಳ್ಳುತ್ತವೆ. ಆದ್ದರಿಂದ ಇಬ್ಬರು ಒಡೆಯರೂ ಒಂದು ಏರ್ಪಾಟು ಮಾಡುತ್ತಾರೆ: ದಿನಕ್ಕೊಂದು ಹಿಂಡಿನಿಂದ ಒಂದು ಜಿಂಕೆ ಸರದಿಯಂತೆ ತಾನಾಗಿ ಹೋಗಿ ಕೊರಳೊಡ್ಡಬೇಕು. ಒಂದು ದಿನ ಕೊಂಬೆಯ ಜಿಂಕೆಯ ಹಿಂಡಿನ ಗರ್ಭಿಣಿಯೊಬ್ಬಳಿಗೆ ಸರದಿ ಬರುತ್ತದೆ. ಮರಿ ಹುಟ್ಟುವವರೆಗೆ ಬಿಡಿ, ಆಮೇಲೆ ಇಬ್ಬರಿಗೂ ಸರದಿ ಬರಲಿ ಎಂದು ಅವಳು ಬೇಡಿಕೊಂಡರೆ, ನಿನ್ನ ಸರದಿಯನ್ನು ಇನ್ನೊಬ್ಬರ ಮೇಲೆ ಹಾಕಲಾಗದು ಎಂದು ಅವಳ ಒಡೆಯ ಹಿಂದಿರುಗಿಸುತ್ತಾನೆ. ಅವಳು ಆಲದ ಜಿಂಕೆಯ ಬಳಿಗೆ ಬರುತ್ತಾಳೆ. ಅವನು ಅವಳನ್ನು ಕಳಿಸಿ, ಅಭಯ ಪಡೆದಿದ್ದ ತನ್ನ ಕೊರಳನ್ನೇ ಒಡ್ಡುತ್ತಾನೆ. ದೊರೆ ಬೆರಗಾಗಿ ಕಾರಣ ಕೇಳುತ್ತಾನೆ, ಮನಸ್ಸು ಕರಗುತ್ತದೆ, ಬೇಟೆ ನಿಲ್ಲುತ್ತದೆ.

ವ್ಯಾಪಾರಸ್ಥ ಸಮಾಜ ಈ ಕಥೆಯಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಆ ಸರದಿಯ ಏರ್ಪಾಟನ್ನು. ಅದರಲ್ಲಿ ಮೋಸವಿಲ್ಲ, ಪಕ್ಷಪಾತವಿಲ್ಲ, ಗಾಯಗೊಳ್ಳುವವರ ಸಂಖ್ಯೆಯೂ ಕಡಿಮೆಯಾಯಿತು. ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಒಂದು ತಪ್ಪೂ ಸಿಗದು. ಕೊಂಬೆಯ ಜಿಂಕೆಯ ಉತ್ತರವೂ ನಿಯಮಕ್ಕೆ ಸರಿಯಾಗಿಯೇ ಇದೆ. ಹಿಂಸೆಯು ಕ್ರಮಬದ್ಧವಾದಾಗ ಅದು ಹಿಂಸೆಯಾಗಿ ಕಾಣದೇ ಹೋಗುತ್ತದೆ ಎಂಬ ಸೂಕ್ಷ್ಮವನ್ನು ಇಷ್ಟು ಸರಳವಾಗಿ ಹೇಳುವ ಕಥೆಗಳು ಕಡಿಮೆ. ಗರ್ಭಿಣಿಯ ಮುಂದೆ ನಿಯಮಪುಸ್ತಕ ಸೋಲುತ್ತದೆ. ಆಗ ಯಾರಾದರೊಬ್ಬರು ತಮ್ಮ ಪಾಲಿನ ರಿಯಾಯಿತಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಆಲದ ಜಿಂಕೆ ಬಿಟ್ಟುಕೊಟ್ಟದ್ದು ಅದನ್ನೇ.

ಚಿತ್ರಕ್ಕೆ ಆಧಾರವಾದ ಜಾತಕದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಅಭಯ ದೊರೆತ ಮೇಲೂ ಆಲದ ಜಿಂಕೆ ಸುಮ್ಮನಾಗುವುದಿಲ್ಲ; ಉಳಿದ ಜಿಂಕೆಗಳ ಗತಿಯೇನು, ಬೇರೆ ಮೃಗಗಳ ಗತಿಯೇನು, ಹಕ್ಕಿಗಳ, ಮೀನುಗಳ ಗತಿಯೇನು ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತದೆ. ಕರುಣೆಯು ತನ್ನ ಹಿಂಡಿನಲ್ಲೇ ನಿಂತರೆ ಅದು ಸ್ವಪಕ್ಷದ ಮಮತೆ ಮಾತ್ರ. ಎರಡನೆಯದಾಗಿ, ನಿರ್ಭಯವಾದ ಜಿಂಕೆಗಳು ರೈತರ ಬೆಳೆ ಮೇಯತೊಡಗುತ್ತವೆ. ದೊರೆಯ ಆಜ್ಞೆಯಿರುವುದರಿಂದ ರೈತರು ಹೊಡೆಯಲಾರರು. ಆಗ ಆಲದ ಜಿಂಕೆಯೇ ತನ್ನ ಹಿಂಡನ್ನು ತಡೆದು, ಹೊಲದ ಸುತ್ತ ಎಲೆಯ ಗುರುತು ಕಟ್ಟಿದರೆ ಅದನ್ನು ದಾಟಿ ಬರುವುದಿಲ್ಲವೆಂದು ರೈತರಿಗೆ ತಿಳಿಸುತ್ತದೆ. ಕಂಪ್ಲಿಯ ಸುತ್ತಿನ ಭತ್ತ, ಕಬ್ಬಿನ ಗದ್ದೆಗಳ ರೈತರಿಗೆ ಈ ಕೊನೆಯ ಭಾಗದ ಬೆಲೆ ಗೊತ್ತು. ಅಭಯ ಪಡೆದವನಿಗೂ ಒಂದು ಕರ್ತವ್ಯವುಂಟು ಎಂಬುದು ಅದರ ಅರ್ಥ.

ಜಿಂಕೆ ಶಾಂತಿನಾಥ ತೀರ್ಥಂಕರರ ಲಾಂಛನ. ಆದ್ದರಿಂದ ಕಥೆ ಬೌದ್ಧರದ್ದಾದರೂ ಶ್ರಾವಕರಿಗೆ ಅದು ಪರಕೀಯವಲ್ಲ. ಮದುವೆಯ ಔತಣಕ್ಕಾಗಿ ಕೂಡಿಹಾಕಿದ ಮೃಗಗಳ ಆಕ್ರಂದನ ಕೇಳಿ ನೇಮಿನಾಥರು ರಥವನ್ನು ಹಿಂದಿರುಗಿಸಿದ ಪ್ರಸಂಗವನ್ನು ಎಲ್ಲ ಮನೆಗಳ ಮಕ್ಕಳೂ ಬಲ್ಲರು. ಅಲ್ಲಿಯೂ ಇಲ್ಲಿಯೂ ಬೇಟೆಗಾರನನ್ನು ಯಾರೂ ಹೊಡೆಯುವುದಿಲ್ಲ. ಜನ್ನನ ಕಾವ್ಯದ ಕೊನೆಯಲ್ಲಿಯೂ ಹೀಗೆಯೇ ಆಗುತ್ತದೆ: ಅಭಯರುಚಿ, ಅಭಯಮತಿಯರನ್ನು ಬಲಿ ಕೊಡಲು ಕತ್ತಿ ಹಿಡಿದ ಮಾರಿದತ್ತನು ಅವರ ಭವಾವಳಿಯನ್ನು ಕೇಳಿ ಕತ್ತಿ ಬಿಡುತ್ತಾನೆ. ಹಿಂಸಕನು ಸಾಯುವುದಿಲ್ಲ, ಬದಲಾಗುತ್ತಾನೆ. ಕಾರ್ಟೂನ್ ಚಿತ್ರಗಳ ನೈತಿಕ ಬೆಲೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ: ಕಥೆಯ ಕೊನೆಗೆ ಬೆನ್ನಟ್ಟಿದವನ ಗತಿ ಏನಾಯಿತು?

ಈ ಅಳತೆಗೋಲನ್ನು ಮಕ್ಕಳು ಇಂದು ಹೆಚ್ಚಾಗಿ ನೋಡುವ ಚಿತ್ರಗಳಿಗೆ ಹಿಡಿಯುವ ಮುನ್ನ, ಇಂಥ ಚಿತ್ರ ತಯಾರಾಗುವ ಬಗೆಯನ್ನು ತಿಳಿಯಬೇಕು. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ಏಳು ನಿಮಿಷದ ಚಿತ್ರಕ್ಕೆ 10,080 ಚೌಕಟ್ಟುಗಳು. ಒಂದೊಂದು ರೇಖಾಚಿತ್ರವನ್ನು ಎರಡೆರಡು ಸಲ ತೆಗೆದರೂ 5,040 ಚಿತ್ರಗಳನ್ನು ಕೈಯಿಂದ ಬರೆಯಬೇಕು. ನಟರಿರುವ ಸಿನಿಮಾದಲ್ಲಿ ಯಾರಾದರೂ ಆಕಸ್ಮಿಕವಾಗಿ ಎಡವಿ ಬೀಳಬಹುದು. ಕಾರ್ಟೂನಿನಲ್ಲಿ ಆಕಸ್ಮಿಕವೆಂಬುದೇ ಇಲ್ಲ. ಬೆಕ್ಕಿನ ಬಾಲಕ್ಕೆ ಬೆಂಕಿ ಹತ್ತಬೇಕಾದರೆ ಯಾರೋ ಕುಳಿತು ಆ ಬೆಂಕಿಯನ್ನು ಹತ್ತಾರು ಸಲ ಬರೆದಿರಬೇಕು, ಇನ್ನೊಬ್ಬರು ಬಣ್ಣ ತುಂಬಿರಬೇಕು. ಗೃಹಸ್ಥನ ಹಿಂಸೆಯನ್ನು ನಮ್ಮ ಶಾಸ್ತ್ರಕಾರರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ಘಟಿಸುವುದು ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿಸಲಾಗದ್ದು. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಕಾರ್ಟೂನಿನ ಪೆಟ್ಟಿನಲ್ಲಿ ಪ್ರಾಣಹಾನಿ ಇಲ್ಲ. ಆದರೆ ಇರುವುದಿಷ್ಟೂ ಸಂಕಲ್ಪವೇ. ಈ ಅರ್ಥದಲ್ಲಿ ಅದು ಹಿಟ್ಟಿನ ಕೋಳಿಯ ಹತ್ತಿರದ ಬಂಧು.

ನೋಡುವವನ ಪಾತ್ರವೂ ಇಲ್ಲದಿಲ್ಲ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಂಬ ಕೃತ, ಕಾರಿತ, ಅನುಮೋದನೆಗಳ ವಿಂಗಡಣೆ ಎಲ್ಲರಿಗೂ ತಿಳಿದದ್ದೇ. ಬರೆದವನದು ಕೃತ, ಹಣ ಹಾಕಿದವನದು ಕಾರಿತ, ನಕ್ಕವನದು ಅನುಮೋದನೆ. ಇದನ್ನು ನಿಜವಾದ ಜೀವಹತ್ಯೆಯ ತಕ್ಕಡಿಯಲ್ಲಿಟ್ಟು ತೂಗುವುದು ಅತಿಯಾದೀತು. ಮಗು ನಕ್ಕ ಮಾತ್ರಕ್ಕೆ ಅದನ್ನು ಗದರಿಸುವುದೂ ತಪ್ಪು. ಆದರೆ ನಗೆಯೂ ಒಂದು ಅಭ್ಯಾಸ. ಹಂಪಿಯ ಗುಡಿಗಳ ಮುಂದೆ ಕೋತಿಗೆ ಕಲ್ಲು ಎಸೆದು ಅದು ನೆಗೆದಾಗ ನಗುವ ಮಗುವನ್ನು ಕಂಡಾಗ, ಇನ್ನೊಂದು ಜೀವದ ನೋವು ತಮಾಷೆಯೆಂಬ ಭಾವನೆ ಎಲ್ಲೆಲ್ಲಿಂದ ಪೋಷಣೆ ಪಡೆಯುತ್ತದೆ ಎಂದು ಹಿರಿಯರು ಕೇಳಿಕೊಳ್ಳುವುದು ನ್ಯಾಯವೇ.

ಈಗ ಹೊರದೇಶದ ಚಿತ್ರಗಳನ್ನು ನೋಡೋಣ. ಅಮೆರಿಕದ ಎಂ.ಜಿ.ಎಂ. ಸಂಸ್ಥೆಯಲ್ಲಿ ಹನ್ನಾ ಮತ್ತು ಬಾರ್ಬೆರಾ ಎಂಬಿಬ್ಬರು 1940ರಿಂದ 1958ರವರೆಗೆ 'ಟಾಮ್ ಅಂಡ್ ಜೆರ್ರಿ'ಯ 114 ಕಿರುಚಿತ್ರಗಳನ್ನು ಚಿತ್ರಮಂದಿರಗಳಿಗಾಗಿ ಮಾಡಿದರು. ಪ್ಯಾರಾಮೌಂಟ್ ಮೂಲಕ ಬಂದ 'ಹರ್ಮನ್ ಅಂಡ್ ಕ್ಯಾಟ್ನಿಪ್' ಎಂಬ, ಅಷ್ಟಾಗಿ ಹೆಸರಾಗದ ಸರಣಿಯೂ ಇದೇ ಜಾಡಿನದು. ಅಲ್ಲಿಯೂ ಬೆಕ್ಕು, ಇಲಿ, ಪೆಟ್ಟು. ಇವುಗಳ ಕಲೆಗಾರಿಕೆಯನ್ನು ಅಲ್ಲಗಳೆಯಲಾಗದು. ಸಂಗೀತಕ್ಕೂ ಚಲನೆಗೂ ಅಷ್ಟು ನಿಖರವಾದ ಹೊಂದಾಣಿಕೆ ನಮ್ಮವರಿಗೆ ಸಾಧ್ಯವಾಗಲಿಲ್ಲ. ಚಿಕ್ಕದು ದೊಡ್ಡದನ್ನು ಗೆಲ್ಲುವ ಕಥೆಯಾದ್ದರಿಂದ ಅವುಗಳಲ್ಲಿ ಒಂದು ಬಗೆಯ ನ್ಯಾಯವೂ ಇದೆ. ಆದರೆ ಬೆಕ್ಕಿನ ಗತಿ? ಅದು ಚಪ್ಪಟೆಯಾಗುತ್ತದೆ, ಸುಡುತ್ತದೆ, ಚೂರಾಗುತ್ತದೆ. ಮರುಗಳಿಗೆಯಲ್ಲಿ ಎದ್ದು ಮತ್ತೆ ಓಡುತ್ತದೆ. ಯಶೋಧರನಿಗೆ ಒಂದು ಹಿಟ್ಟಿನ ಕೋಳಿಯ ಫಲ ಜನ್ಮಜನ್ಮಗಳವರೆಗೆ ಬೆನ್ನು ಬಿಡಲಿಲ್ಲ. ಇಲ್ಲಿ ಸಾವಿರ ಪೆಟ್ಟಿಗೂ ಫಲವಿಲ್ಲ, ನೆನಪಿಲ್ಲ. ಕರ್ಮವಿದ್ದು ಕರ್ಮಫಲವಿಲ್ಲದ ಲೋಕವದು. ಟಾಮ್ ಏನನ್ನೂ ಕಲಿಯುವುದಿಲ್ಲ, ಜೆರ್ರಿಯೂ ಕಲಿಯುವುದಿಲ್ಲ. ಕಲಿತುಬಿಟ್ಟರೆ ಮುಂದಿನ ಚಿತ್ರವಿಲ್ಲ. ಅಪರೂಪಕ್ಕೆ ಆ ಲೋಕ ತನ್ನ ನಿಯಮವನ್ನು ಮುರಿಯುತ್ತದೆ. 1952ರ 'ದಿ ಟು ಮೌಸ್ಕಟಿಯರ್ಸ್' ಚಿತ್ರದ ಕೊನೆಗೆ ಟಾಮ್‌ನ ಶಿರಚ್ಛೇದವಾಗುತ್ತದೆ; ಇಲಿಗಳೆರಡೂ ತಿಂಡಿ ಹಿಡಿದು ನಡೆದುಹೋಗುತ್ತವೆ. ಆ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು.

ಅದೇ ಎಂ.ಜಿ.ಎಂ. ಸಂಸ್ಥೆಯ ಇನ್ನೊಂದು ಚಿತ್ರವನ್ನು ಶ್ರಾವಕರು ವಿಶೇಷವಾಗಿ ತಿಳಿಯಬೇಕು. ಹ್ಯೂ ಹಾರ್ಮನ್ ನಿರ್ದೇಶಿಸಿದ 'ಪೀಸ್ ಆನ್ ಅರ್ಥ್' ಬಿಡುಗಡೆಯಾದದ್ದು 1939ರ ಡಿಸೆಂಬರಿನಲ್ಲಿ, ಯುರೋಪಿನಲ್ಲಿ ಯುದ್ಧ ಆರಂಭವಾಗಿ ಮೂರು ತಿಂಗಳಾದ ಮೇಲೆ. ಅಜ್ಜ ಅಳಿಲೊಂದು ಮೊಮ್ಮಕ್ಕಳಿಗೆ 'ಮನುಷ್ಯ'ರೆಂದರೆ ಯಾರೆಂದು ವಿವರಿಸುತ್ತದೆ: ಅವರು ಒಂದಲ್ಲ ಒಂದು ನೆಪದಿಂದ ಕಾದಾಡುತ್ತಿದ್ದ ಜೀವಿಗಳು, ಕೊನೆಗೆ ಉಳಿದ ಇಬ್ಬರೂ ಒಬ್ಬರನ್ನೊಬ್ಬರು ಕೊಂದುಕೊಂಡು ನಿರ್ನಾಮವಾದರು. ಆಮೇಲೆ ಪ್ರಾಣಿಗಳು ಯುದ್ಧದ ಶಿರಸ್ತ್ರಾಣಗಳಿಂದಲೇ ಮನೆ ಕಟ್ಟಿಕೊಂಡು ಶಾಂತಿಯಿಂದ ಬಾಳುತ್ತವೆ. ಮನುಷ್ಯರು ಕಾದಾಡಿದ ಕಾರಣಗಳ ಪಟ್ಟಿಯಲ್ಲಿ ಒಂದು, ಮಾಂಸಾಹಾರಿಗಳಿಗೂ ಸಸ್ಯಾಹಾರಿಗಳಿಗೂ ನಡೆದ ಯುದ್ಧ! ಇದು ಕೇವಲ ವಿನೋದಕ್ಕೆ ಹೇಳಿದ ಮಾತಾದರೂ ಸಸ್ಯಾಹಾರಿಗಳ ಎದೆಗೆ ತಾಗಬೇಕಾದ ಮಾತು. ತಟ್ಟೆಯಲ್ಲಿರುವ ಅಹಿಂಸೆ ಮಾತಿನಲ್ಲಿ, ತಿರಸ್ಕಾರದಲ್ಲಿ, ನೆರೆಯವನನ್ನು ಕೀಳೆಂದು ಕಾಣುವ ದೃಷ್ಟಿಯಲ್ಲಿ ಇಲ್ಲದಿದ್ದರೆ ಅದು ಇನ್ನೊಂದು ಪಕ್ಷದ ಬಾವುಟವಾಗಿಬಿಡುತ್ತದೆ. ಅನೇಕಾಂತವನ್ನು ಮರೆತ ಅಹಿಂಸೆಗೆ ಬರುವ ಅಪಾಯವನ್ನು ದೂರದ ಅಮೆರಿಕದ ಅಳಿಲು ಎತ್ತಿ ತೋರಿಸಿತು.

ಆದರೂ ಆ ಚಿತ್ರದ ಕೊನೆ ನಮ್ಮ ಅಳತೆಗೋಲಿಗೆ ಸರಿಹೋಗದು. ಅಲ್ಲಿ ಶಾಂತಿ ಬರುವುದು ಹಿಂಸಕರೆಲ್ಲ ಸತ್ತ ಮೇಲೆ. ಮನುಷ್ಯನು ಬದಲಾಗಬಲ್ಲನೆಂಬ ನಂಬಿಕೆಯೇ ಅದರಲ್ಲಿಲ್ಲ. ಇನ್ನೂ ಒಂದು ವಿಷಯ: ಈ ಚಿತ್ರ ಬಂದ ಎರಡೇ ತಿಂಗಳಿಗೆ, 1940ರ ಫೆಬ್ರವರಿಯಲ್ಲಿ, ಅದೇ ಸಂಸ್ಥೆಯಿಂದ ಮುಂದೆ 'ಟಾಮ್ ಅಂಡ್ ಜೆರ್ರಿ' ಎನಿಸಿದ ಜೋಡಿಯ ಮೊದಲ ಚಿತ್ರ ಹೊರಬಿತ್ತು. 1955ರಲ್ಲಿ ಹನ್ನಾ, ಬಾರ್ಬೆರಾ ಇಬ್ಬರೂ ಶಾಂತಿಯ ಕಥೆಯನ್ನು 'ಗುಡ್ ವಿಲ್ ಟು ಮೆನ್' ಎಂಬ ಹೆಸರಿನಲ್ಲಿ ಮತ್ತೆ ತಯಾರಿಸಿದರು. ಅದೇ ಕಾಲದಲ್ಲಿ ಬೆಕ್ಕಿನ ಮೇಲೆ ಪೆಟ್ಟುಗಳೂ ಬೀಳುತ್ತಲೇ ಇದ್ದವು. ಒಂದೇ ಅಂಗಡಿಯ ಎರಡು ಕಪಾಟುಗಳಲ್ಲಿ ಎರಡು ಸರಕು. ಎರಡೂ ಚೆನ್ನಾಗಿ ತಯಾರಾದವು. ಗಿರಾಕಿಗಳು ಯಾವುದನ್ನು ಹೆಚ್ಚು ಕೊಂಡರೆಂಬುದು ಲೋಕಕ್ಕೇ ಗೊತ್ತಿದೆ.

ನಗೆಗೆ ನೋವು ಬೇಕೇ ಬೇಕೆಂದು ವಾದಿಸುವವರಿಗೆ ಫಿಲ್ಮ್ಸ್ ಡಿವಿಷನ್ನಿನದೇ ಇನ್ನೊಂದು ಚಿತ್ರ ಉತ್ತರ ಕೊಡುತ್ತದೆ. ವಿಜಯಾ ಮುಳೆ ಅವರ 1974ರ 'ಏಕ್ ಅನೇಕ್ ಔರ್ ಏಕ್ತಾ', ಚಿತ್ರಮಂದಿರಕ್ಕಿಂತ ದೂರದರ್ಶನದ ಮೂಲಕವೇ ಮನೆಮನೆ ಮುಟ್ಟಿತು. 'ಒಂದು' ಎಂದರೇನು, 'ಅನೇಕ' ಎಂದರೇನು ಎಂದು ತಮ್ಮ ಕೇಳಿದಾಗ ಅಕ್ಕ ಸೂರ್ಯ, ತಾರೆ, ಅಳಿಲು, ಚಿಟ್ಟೆಗಳನ್ನು ತೋರಿಸಿ ಹೇಳುತ್ತಾಳೆ. ಅನಂತರ ಪಂಚತಂತ್ರವನ್ನು ನೆನಪಿಸುವ ಕಥೆ: ಬೇಡನ ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಹೊತ್ತು ಹಾರುತ್ತವೆ, ಇಲಿಗಳು ಬಲೆಯನ್ನು ಕಡಿದು ಬಿಡಿಸುತ್ತವೆ. ಬೇಡ ಕೆಳಗೆ ಬರಿಗೈಯಲ್ಲಿ ಉಳಿಯುತ್ತಾನೆ. ಮಕ್ಕಳು ನಗುತ್ತಾರೆ. ಬೇಡನ ಕಾಲು ಮುರಿಯಲಿಲ್ಲ, ಅವನ ತಲೆಯ ಮೇಲೆ ಕಲ್ಲು ಬೀಳಲಿಲ್ಲ. ತುಂಡಾದದ್ದು ಬಲೆ ಮಾತ್ರ. ಏಳು ನಿಮಿಷದ ಈ ಚಿತ್ರ ಐವತ್ತು ವರ್ಷ ಕಳೆದರೂ ಜನರ ನೆನಪಿನಲ್ಲಿ ಉಳಿದಿದೆಯೆಂದರೆ ನೋವಿಲ್ಲದ ನಗೆಗೂ ಬಾಳಿಕೆಯುಂಟು ಎಂದಾಯಿತು.

ಹಾಗೆಂದು ಫಿಲ್ಮ್ಸ್ ಡಿವಿಷನ್ನಿನ ಎಲ್ಲ ಕಾರ್ಟೂನ್ ಚಿತ್ರಗಳನ್ನೂ ಹೊಗಳುವುದು ವಿಮರ್ಶೆಯಾಗದು. ಅವುಗಳಲ್ಲಿ ಬಹಳಷ್ಟು ಕುಟುಂಬ ಯೋಜನೆ, ಉಳಿತಾಯ, ಆರೋಗ್ಯಗಳ ಪ್ರಚಾರಕ್ಕಾಗಿ ಮಾಡಿದವು. ಮೀನೂ ಮಸಾನಿಯವರ 1940ರ ಪುಸ್ತಕವನ್ನು ಆಧರಿಸಿದ 'ದಿಸ್ ಅವರ್ ಇಂಡಿಯಾ' (1961) ಅಂಕಿ ಅಂಶಗಳಿಗೆ ಜೀವ ತುಂಬಿತು, ಅಂಥವು ಕೆಲವೇ. ಉಳಿದ ಅನೇಕ ಚಿತ್ರಗಳಲ್ಲಿ ಚಿತ್ರ ಹೇಳಬೇಕಾದದ್ದನ್ನು ಹಿನ್ನೆಲೆಯ ಧ್ವನಿಯೇ ಹೇಳಿ ಮುಗಿಸುತ್ತದೆ. ನೋಡುವವನು ತಾನಾಗಿ ಕಂಡುಕೊಳ್ಳಲು ಏನೂ ಉಳಿಯುವುದಿಲ್ಲ. ಇನ್ನೂ ದೊಡ್ಡ ದೋಷ ಚಿತ್ರಗಳದ್ದಲ್ಲ, ಪದ್ಧತಿಯದು. ಧರ್ಮವನ್ನು ಪರವಾನಗಿಯ ಷರತ್ತಾಗಿ ಬಡಿಸಿದರೆ ಜನ ಅದನ್ನು ಷರತ್ತಿನಂತೆಯೇ ಕಾಣುತ್ತಾರೆ. ಮಾಲೀಕನಿಗೆ ಅದು ಕಟ್ಟಬೇಕಾದ ಶೇಕಡಾ 1; ಪ್ರೇಕ್ಷಕನಿಗೆ ಅದು ಕಾಯಬೇಕಾದ ಇಪ್ಪತ್ತು ನಿಮಿಷ. ವ್ರತವನ್ನು ಬಲವಂತದಿಂದ ಹೇರಲಾಗದು, ಸ್ವೀಕರಿಸುವವನು ತಾನೇ ಕೈಮುಗಿದು ಪಡೆಯಬೇಕು ಎಂಬ ನಮ್ಮ ಪರಂಪರೆಯ ವಿವೇಕ ಸರ್ಕಾರದ ಆ ಏರ್ಪಾಟಿನಲ್ಲಿ ಇರಲಿಲ್ಲ. ಆಲದ ಜಿಂಕೆಯಂಥ ಚಿತ್ರ ಲಕ್ಷಾಂತರ ಜನರ ಮುಂದೆ ಹಾದುಹೋಗಿಯೂ ಕೆಲವರ ಮನಸ್ಸಿನಲ್ಲಿ ಮಾತ್ರ ನಿಂತದ್ದಕ್ಕೆ ಇದೂ ಒಂದು ಕಾರಣ.

ಸೂಕ್ಷ್ಮವಾಗಿ ಯೋಚಿಸುವ ವ್ರತಿಗಳಿಂದ ಇನ್ನೊಂದು ಆಕ್ಷೇಪ ಬರಬಹುದು. ಅಂದಿನ ಸಿನಿಮಾ ಫಿಲ್ಮಿನ ಮೇಲಿನ ಲೇಪದಲ್ಲಿ ಜೆಲಾಟಿನ್ ಇತ್ತು. ಅದು ದನಗಳ ಎಲುಬು, ಚರ್ಮಗಳಿಂದ ತೆಗೆದ ಪದಾರ್ಥ. ಜಿಂಕೆಯ ಅಭಯವನ್ನು ಸಾರಿದ ಚಿತ್ರವೂ ಪ್ರಾಣಿಯ ಎಲುಬಿನ ಮೇಲೆಯೇ ಮೂಡಿತ್ತು. ತೊಗಲುಗೊಂಬೆಯಲ್ಲಿ ಇದು ಕಣ್ಣಿಗೆ ಕಾಣುವಂತಿತ್ತು: ಪರದೆಯ ಮೇಲೆ ಜಿಂಕೆ ಕುಣಿಯಲು ಆಡಿನದೋ ಜಿಂಕೆಯದೋ ತೊಗಲು ಬೇಕಿತ್ತು. ಫಿಲ್ಮಿನಲ್ಲಿ ಅದು ಮರೆಯಾಗಿತ್ತು, ಅಷ್ಟೇ. ಈ ಆಕ್ಷೇಪವನ್ನು ತಳ್ಳಿಹಾಕಬಾರದು. ಆದರೆ ಅದು ಉದ್ಯೋಗದಲ್ಲಿ ಅಡಗಿದ್ದ ಹಿಂಸೆ. ಆ ಕಾಲದ ಎಲ್ಲ ಚಿತ್ರಗಳಿಗೂ, ಧರ್ಮಪ್ರಭಾವನೆಗಾಗಿ ತೆಗೆದ ಚಿತ್ರಗಳಿಗೂ ಸಮಾನವಾದದ್ದು. ಪೆಟ್ಟನ್ನು ನಗೆಗಾಗಿಯೇ ಬರೆಯುವುದು ಸಂಕಲ್ಪದ ಹಿಂಸೆ. ಎರಡನ್ನೂ ಒಂದೇ ಎಂದರೆ ವಿವೇಕ ಸೋಲುತ್ತದೆ. ಇಂದು ಚಿತ್ರಗಳು ಫಿಲ್ಮಿನ ಹಂಗಿಲ್ಲದೆ ಡಿಜಿಟಲ್ ರೂಪದಲ್ಲಿ ಓಡುತ್ತಿರುವುದರಿಂದ ಮೊದಲನೆಯ ದೋಷ ಬಹುಮಟ್ಟಿಗೆ ಹೋಗಿದೆ. ಎರಡನೆಯದು ಹಾಗೆಯೇ ಉಳಿದಿದೆ; ಇನ್ನೂ ಬೆಳೆದಿದೆ ಎಂದರೂ ತಪ್ಪಿಲ್ಲ.

ಚಿತ್ರಮಂದಿರದ ಕಡ್ಡಾಯ ಪ್ರದರ್ಶನ ಕ್ರಮೇಣ ಕೈಬಿಟ್ಟುಹೋಯಿತು. ಫಿಲ್ಮ್ಸ್ ಡಿವಿಷನ್ ಕೂಡ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಮುಂಬಯಿಯಲ್ಲಿ ಅದರ ಆವರಣದಲ್ಲಿರುವ ಗುಲ್ಶನ್ ಮಹಲ್ ಮತ್ತು ಹೊಸ ಕಟ್ಟಡದಲ್ಲಿ 2019ರಿಂದ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಸಂಸ್ಥೆಯ ಹಲವಾರು ಚಿತ್ರಗಳು ಡಿಜಿಟಲ್ ರೂಪಕ್ಕೆ ಬಂದು ಯಾರಾದರೂ ನೋಡಬಹುದಾದ ಸ್ಥಿತಿಯಲ್ಲಿವೆ. ಈಗ ಅವನ್ನು ನೋಡೆಂದು ಯಾರೂ ಒತ್ತಾಯಿಸುವುದಿಲ್ಲ. ಹಿಂದೆ ಕಾನೂನು ಮಾಡುತ್ತಿದ್ದ ಆಯ್ಕೆಯನ್ನು ಈಗ ತಾಯಿತಂದೆ, ಅಜ್ಜ ಅಜ್ಜಿಯರು ಮಾಡಬೇಕಾಗಿದೆ. ಇದು ಹೊರೆಯೂ ಹೌದು, ಭಾಗ್ಯವೂ ಹೌದು.

ಬಸದಿ, ಮಂದಿರಗಳ ಟ್ರಸ್ಟುಗಳು ಪಾಠಶಾಲೆಗಳಿಗೂ ಬೇಸಿಗೆಯ ಶಿಬಿರಗಳಿಗೂ ದೊಡ್ಡ ಪರದೆ, ಪ್ರೊಜೆಕ್ಟರುಗಳನ್ನು ಕೊಳ್ಳುತ್ತಿವೆ, ಕೊಳ್ಳಲಿ. ಮಕ್ಕಳಿಗೆ ನೀತಿ ಹೇಳಲೆಂದು ನೀರಸವಾದ ಚಿತ್ರಗಳನ್ನು ತೋರಿಸಿದರೆ ಆ ಹಳೆಯ ನ್ಯೂಸ್ ರೀಲಿನ ಗತಿಯೇ ಮತ್ತೆ ಬರುತ್ತದೆ. ಎಲ್ಲ ಕಾರ್ಟೂನುಗಳನ್ನೂ ನಿಷೇಧಿಸಿದರೆ ಮಕ್ಕಳು ಅವನ್ನು ಮರೆಯಲ್ಲಿ ನೋಡುತ್ತಾರೆ. ಮಕ್ಕಳೊಡನೆ ಕುಳಿತು ನೋಡುವುದು ಒಳ್ಳೆಯ ದಾರಿ. ಒಂದು ದಿನ ಟಾಮ್ ಅಂಡ್ ಜೆರ್ರಿಯನ್ನೂ ನೋಡಲಿ, ಇನ್ನೊಂದು ದಿನ ಬಲೆ ಹೊತ್ತ ಹಕ್ಕಿಗಳನ್ನೂ ಆಲದ ಜಿಂಕೆಯನ್ನೂ ನೋಡಲಿ. ಆಮೇಲೆ ಒಂದೇ ಪ್ರಶ್ನೆ ಕೇಳಬೇಕು: ಬೆನ್ನಟ್ಟಿದವನು ಕೊನೆಗೆ ಏನಾದ? ಉತ್ತರವನ್ನು ಹಿರಿಯರು ಹೇಳಿಕೊಡುವ ಅವಶ್ಯಕತೆಯಿಲ್ಲ. ಹಿಟ್ಟಿನ ಕೋಳಿ ಕೂಗಿದ್ದನ್ನು ಕೇಳಿಸಿಕೊಂಡ ಪರಂಪರೆಯ ಮಕ್ಕಳು ಆ ಪ್ರಶ್ನೆಗೆ ತಾವೇ ಉತ್ತರ ಹುಡುಕಬಲ್ಲರು. ಹುಡುಕಲು ಅವರಿಗೆ ಸಮಯವನ್ನೂ ಜೊತೆಯನ್ನೂ ಕೊಡುವುದಷ್ಟೇ ದೊಡ್ಡವರ ಪಾಲಿನ ಕೆಲಸ.